ದೊಡ್ಡಮ್ಮನ ಬೆಳಗಿನ ರೌಂಡ್ಸ್

ಜೂನ್ 3, ಮಂಗಳವಾರ

ದೊಡ್ಡಮ್ಮನಿಗೆ ಟೆಲಿಫೋನ್ ಕಂಪನಿಯಿಂದ ಕಾಗದ ಬಂದಿದೆ. ಈ ತಿಂಗಳ ಮೂವತ್ತಕ್ಕೆ ಅವರ ಬೀದಿಯ ಹಳೆಯ ತಂತಿಗಳನ್ನೆಲ್ಲ ಕಿತ್ತುಹಾಕುತ್ತಾರಂತೆ. ಅಷ್ಟರೊಳಗೆ ಬೇರೆ ಯಾವುದಾದರೂ ಫೋನಿಗೆ ಬದಲಾಯಿಸಿಕೊಳ್ಳಬೇಕಂತೆ. ಪಕ್ಕದ ಮನೆಯಾಕೆ ಓದಿ ಹೇಳಿದ ಐದೇ ನಿಮಿಷಕ್ಕೆ ಅವರು ನನ್ನ ಅಂಗಡಿಗೆ ಫೋನ್ ಮಾಡಿ, "ಪುಟ್ಟೀ, ಇದು ನಿನ್ ಕೆಲ್ಸ" ಅಂದು ಇಟ್ಟೇಬಿಟ್ಟರು. ಐವತ್ನಾಲ್ಕು ವರ್ಷದ ಹೆಂಗಸನ್ನು ಪುಟ್ಟಿ ಎಂದು ಕರೆಯುವವರು ಅವರೊಬ್ಬರೇ ಉಳಿದಿದ್ದಾರೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಎಂಬತ್ತಮೂರು ವರ್ಷ. ಮದುವೆಯಾಗಲಿಲ್ಲ, ಮೂವತ್ತಾರು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದರು. ಕಣ್ಣಿನ ನಡುಭಾಗ ಹೋಗಿದೆ, ಅಂಚು ಮಾತ್ರ ಕಾಣುತ್ತದೆ. ಎದುರಿಗೆ ನಿಂತವರ ಮುಖ ಕಾಣದು, ಪಕ್ಕದಲ್ಲಿ ಜಾರಿಬೀಳುತ್ತಿರುವ ಲೋಟ ಕಾಣುತ್ತದೆ. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತೈದು ವರ್ಷದಿಂದ ಕಣ್ಣು ಪರೀಕ್ಷೆ ಮಾಡುವ ನನ್ನಿಂದ ಅವರಿಗೆ ಒಂದು ಕನ್ನಡಕ ಕೊಡಲಾಗಲಿಲ್ಲ ಎಂಬ ಕೊರಗು ನನ್ನದು. ಅವರಿಗೆ ಆ ಕೊರಗಿಲ್ಲ.

ತಮ್ಮ ಬೇರೆ ಊರಿನಲ್ಲಿ ಕುಳಿತು ಸಲಹೆ ಕೊಡುವುದರಲ್ಲಿ ಎತ್ತಿದ ಕೈ. "ಒಂದು ಮೊಬೈಲ್ ಕೊಡಿಸಿ ಮುಗಿಸು" ಅಂದ. ನನಗೂ ಅದೇ ಸರಿ ಅನಿಸಿದೆ. ಶನಿವಾರ ಕೊಡಿಸಿ, ಭಾನುವಾರ ನನ್ನ ಪಾಡಿಗೆ ನಾನು ಮಲಗಬಹುದು. ಬೇಕರಿಯ ಮೇಲಿನ ಈ ಎರಡು ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ಇದ್ದೀಯಾ ಸತ್ತಿದ್ದೀಯಾ ಎಂದು ಕೇಳುವವರಿಲ್ಲ. ಅದರ ಸುಖ ಸಂಸಾರಸ್ಥರಿಗೆ ಗೊತ್ತಾಗುವುದಿಲ್ಲ.

ಜೂನ್ 5, ಗುರುವಾರ

ಊಟದ ಬಿಡುವಿನಲ್ಲಿ ಎರಡು ಫೋನ್ ಅಂಗಡಿ ಸುತ್ತಿದೆ. ದಾರಿ ಮೂರು ಇವೆ. ಒಂದು, ದಪ್ಪ ಗುಂಡಿಯ ಮೊಬೈಲ್. ಇನ್ನೊಂದು, ನೋಡಲು ಮೇಜಿನ ಫೋನಿನಂತೆಯೇ ಇದ್ದು ಹೊಟ್ಟೆಯೊಳಗೆ ಸಿಮ್ ಇಟ್ಟುಕೊಂಡಿರುವಂಥದ್ದು. ಮೂರನೆಯದು, ಗೋಡೆಗೊಂದು ಇಂಟರ್‌ನೆಟ್ ಡಬ್ಬಿ ಹಾಕಿ, ಈಗಿರುವ ಫೋನನ್ನೇ ಅದಕ್ಕೆ ಸಿಕ್ಕಿಸುವುದು. ಮೊದಲೆರಡಕ್ಕೆ ನಂಬರ್ ಬದಲಾಗುತ್ತದೆ. ಡಬ್ಬಿಗಾದರೆ ಹಳೆಯ ನಂಬರೇ ಉಳಿಯುತ್ತದೆ, ಆದರೆ ಕರೆಂಟ್ ಹೋದರೆ ಫೋನೂ ಹೋಗುತ್ತದೆ.

ಇದನ್ನೆಲ್ಲ ಫೋನಿನಲ್ಲಿ ದೊಡ್ಡಮ್ಮನಿಗೆ ಒಪ್ಪಿಸಿ, ಮೊಬೈಲೇ ಒಳ್ಳೆಯದು ಅಂದೆ. ಅವರು ಬೇಡ ಅನ್ನಲಿಲ್ಲ. "ಭಾನುವಾರ ಬೆಳಗ್ಗೆ ಐದೂಮುಕ್ಕಾಲಿಗೆ ಬಾ, ಫೋನ್ ಏನ್ ಕೆಲ್ಸ ಮಾಡುತ್ತೆ ನೋಡು, ಆಮೇಲೆ ಹೇಳು" ಅಂದರು. ಭಾನುವಾರ. ಐದೂಮುಕ್ಕಾಲಿಗೆ. ನನ್ನ ನಿದ್ದೆಗೆ ಕಲ್ಲು ಬಿತ್ತು.

ಜೂನ್ 8, ಭಾನುವಾರ

ಇವತ್ತು ಕಂಡದ್ದನ್ನು ಬರೆದಿಡಬೇಕು.

ಹೋದಾಗ ದೊಡ್ಡಮ್ಮ ಸ್ನಾನ ಮುಗಿಸಿ, ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಫೋನಿನ ಮೇಜಿನ ಮುಂದೆ ನೆಟ್ಟಗೆ ಕುಳಿತಿದ್ದರು. ಎದೆಯ ಮೇಲೆ ಪಿನ್ನಿನಲ್ಲಿ ನೇತಾಡುವ ಹಳೆಯ ನರ್ಸ್ ಗಡಿಯಾರ. ಅದರ ಗಾಜು ತೆಗೆಸಿಬಿಟ್ಟಿದ್ದಾರೆ, ಹೆಬ್ಬೆರಳಿನಿಂದ ಮುಳ್ಳು ಮುಟ್ಟಿ ಗಂಟೆ ಹೇಳುತ್ತಾರೆ. ಸರಿಯಾಗಿ ಆರಕ್ಕೆ ಫೋನ್ ಎರಡು ಸಲ ಬಾರಿಸಿ ನಿಂತಿತು. "ಒಂದನೇ ಬೆಡ್" ಅಂದರು. ಆರೂ ಐದಕ್ಕೆ ಮತ್ತೆ ಎರಡು ಸಲ. "ಎರಡನೇ ಬೆಡ್." ಹೀಗೆ ಐದೈದು ನಿಮಿಷಕ್ಕೆ ಒಬ್ಬೊಬ್ಬರು. ಎಲ್ಲರೂ ಒಂಟಿಯಾಗಿರುವ ಮುದುಕರು, ಮುದುಕಿಯರು. ಕೆಲವರು ಹಿಂದೊಮ್ಮೆ ಅವರ ವಾರ್ಡಿನಲ್ಲಿ ಮಲಗಿದ್ದವರು, ಕೆಲವರು ಅವರ ಮೂಲಕ ಬಂದವರು. ಎರಡು ರಿಂಗ್ ಕೊಟ್ಟು ಇಟ್ಟರೆ ಎದ್ದಿದ್ದೇನೆ, ಸರಿಯಾಗಿದ್ದೇನೆ ಎಂದರ್ಥ. ರಿಂಗ್ ಬಾರದಿದ್ದರೆ ದೊಡ್ಡಮ್ಮ ಹತ್ತು ನಿಮಿಷ ಕಾಯುತ್ತಾರೆ. ಆಮೇಲೆ ತಾವೇ ಮಾಡುತ್ತಾರೆ. ಎತ್ತದಿದ್ದರೆ ಹತ್ತಿರ ಇರುವ ಇನ್ನೊಂದು ಬೆಡ್ಡನ್ನು ಅಲ್ಲಿಗೆ ಓಡಿಸುತ್ತಾರೆ. ಹತ್ತೊಂಬತ್ತು ವರ್ಷದಿಂದ ಇದು ಒಂದು ದಿನವೂ ತಪ್ಪಿಲ್ಲ. ಇದಕ್ಕೆ ಅವರು ಇಟ್ಟ ಹೆಸರು ರೌಂಡ್ಸ್.

ನಾನು ಅವರ ಸ್ವಂತ ತಂಗಿಯ ಮಗಳು. ನನಗೆ ಇದು ಗೊತ್ತೇ ಇರಲಿಲ್ಲ. ನಾನು ಹೋಗುವುದೇ ಸಂಜೆ ಹೊತ್ತು, ತಿಂಗಳಿಗೊಮ್ಮೆ.

ಎತ್ತಿ ಎರಡು ಮಾತಾಡಬಾರದೇ ಅಂದೆ. "ದಿನಾ ಮಾತಾಡಿದ್ರೆ ದಿನಾ ಸುಳ್ಳು ಹೇಳ್ಬೇಕಾಗುತ್ತೆ ಕಣೆ. ಹೇಗಿದ್ದೀರಿ ಅಂದ್ರೆ ಚೆನ್ನಾಗಿದ್ದೀನಿ ಅನ್ನಲೇಬೇಕು. ನಂಗೆ ಅದು ಬೇಡ. ಎದ್ದು ಫೋನಿನ ತನಕ ನಡ್ಕೊಂಡು ಬಂದ್ರಾ ಇಲ್ವಾ, ಅಷ್ಟು ಸಾಕು" ಅಂದರು.

ಏಳನೇ ಬೆಡ್ ಒಬ್ಬ ಬಡಗಿ, ಎಪ್ಪತ್ತೊಂಬತ್ತು ವರ್ಷ. ನಾಲ್ಕನೇ ಬೆಡ್ ರಿಟೈರಾದ ಬಸ್ ಡ್ರೈವರ್, ನನ್ನ ಮನೆಯ ಹಿಂದಿನ ಬೀದಿಯಲ್ಲೇ ಇದ್ದಾರಂತೆ, ಮುಖ ನೋಡಿದ ನೆನಪಿಲ್ಲ. ಎರಡನೇ ಬೆಡ್ಡಿಗೆ ಈಚೆಗೆ ಮರೆವು. ಮಗಳ ಹೆಸರು ಒಮ್ಮೊಮ್ಮೆ ಮರೆತರೂ ದೊಡ್ಡಮ್ಮನ ನಂಬರ್ ಬೆರಳಿಗೆ ನೆನಪಿದೆಯಂತೆ. ಅಂದಮೇಲೆ ನಂಬರ್ ಬದಲಾಗುವ ಮಾತೇ ಇಲ್ಲ. ಮೊಬೈಲ್ ಅಲ್ಲಿಗೆ ಮುಗಿಯಿತು.

ಆರೂ ನಲವತ್ತಕ್ಕೆ ಫೋನ್ ಬಾರಿಸಲಿಲ್ಲ. ನಾನು ಗಾಬರಿಯಾದೆ. "ಒಂಬತ್ತು ಖಾಲಿ" ಅಂದರು. ಟೈಲರ್ ಹೆಂಗಸು, ಕಳೆದ ವರ್ಷ ಹೋದರಂತೆ. ಆ ಐದು ನಿಮಿಷವನ್ನು ಯಾರಿಗೂ ಕೊಟ್ಟಿಲ್ಲ. ಫೋನಿನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತಿದ್ದರು. ನಾನೂ ಕುಳಿತೆ.

ಜೂನ್ 10, ಮಂಗಳವಾರ

ಇಡೀ ದಿನ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ ಮೊದಲನೆಯದು ಸ್ಪಷ್ಟವೋ ಎರಡನೆಯದೋ ಎಂದು ಕೇಳುವುದು ನನ್ನ ಕಸುಬು. ಸಂಜೆ ದೊಡ್ಡಮ್ಮನನ್ನೂ ಹಾಗೇ ಕೂರಿಸಿ ಕೇಳಿದೆ. ಹೊಸ ನಂಬರಾದರೂ ಕರೆಂಟಿನ ಚಿಂತೆಯಿಲ್ಲದ ಸಿಮ್ ಫೋನೋ, ಹಳೆ ನಂಬರಿದ್ದು ಕರೆಂಟಿಗೆ ಅಂಟಿಕೊಂಡ ಡಬ್ಬಿಯೋ? ಡಬ್ಬಿ ಅಂದರು. ಬರೀ ಡಬ್ಬಿಯೋ, ಬ್ಯಾಟರಿ ಇರುವ ಡಬ್ಬಿಯೋ? ಬ್ಯಾಟರಿ ಇರುವುದು ಅಂದರು. ಒಂದು ಗಂಟೆಯ ಬ್ಯಾಟರಿಯೋ, ನಾಲ್ಕು ಗಂಟೆಯದೋ? "ನಾಲ್ಕು ಅಂತ ಅವ್ರು ಹೇಳೋದೋ, ನಿಜವಾಗ್ಲೂ ನಾಲ್ಕೋ?" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಇಂಥ ಗಿರಾಕಿ ದಿನಕ್ಕೊಬ್ಬರು ಬಂದರೆ ನಮ್ಮ ಅಂಗಡಿಯ ಅರ್ಧ ಫ್ರೇಮುಗಳು ಮಾರಾಟವೇ ಆಗುವುದಿಲ್ಲ.

ಜೂನ್ 18, ಬುಧವಾರ

ಡಬ್ಬಿ ಬಂತು. ಲೈನ್‌ಮನ್ ಹೊಸ ಫೋನೂ ತಂದಿದ್ದ. ದೊಡ್ಡಮ್ಮ ಅದನ್ನು ಮುಟ್ಟಿ ನೋಡಿ ವಾಪಸ್ ಕೊಟ್ಟರು. ಅವರ ಹಳೆಯ ಫೋನಿನ ಐದನೇ ಗುಂಡಿಯ ಮೇಲೆ ಗೋಂದಿನ ಒಂದು ಹನಿ ಒಣಗಿಸಿಟ್ಟುಕೊಂಡಿದ್ದಾರೆ, ಬೆರಳಿಗೆ ದಾರಿ ತಿಳಿಯಲಿ ಎಂದು. ಅದನ್ನೇ ಡಬ್ಬಿಗೆ ಸಿಕ್ಕಿಸಿದ. ಹಳೆ ತಂತಿ ಆ ಕ್ಷಣದಿಂದ ಬಂದ್.

ಕರೆಂಟ್ ಹೋದರೆ ನಾಲ್ಕು ಗಂಟೆ ಬರುತ್ತದೆ ಅಂದ. "ನೋಡೋಣ" ಅಂತ ದೊಡ್ಡಮ್ಮ ಗೋಡೆ ಹಿಡಿದುಕೊಂಡು ಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟರು. ಅವನು ನನ್ನ ಮುಖ ನೋಡಿದ. ನಾನೇನು ಮಾಡಲಿ? ಅವನು ಬೇರೆ ಮನೆಗಳಿಗೆ ಹೋದ, ನಾವಿಬ್ಬರೂ ಫ್ಯಾನಿಲ್ಲದೆ ಬೆವರು ಒರೆಸಿಕೊಳ್ಳುತ್ತ ಕಾದೆವು. ನಾನು ಕಾಲು ಗಂಟೆಗೊಮ್ಮೆ ನನ್ನ ಮೊಬೈಲಿನಿಂದ ಬಾರಿಸುವುದು, ಅವರು ಗಡಿಯಾರ ಮುಟ್ಟುವುದು. ಮೂರು ಗಂಟೆ ಹತ್ತು ನಿಮಿಷಕ್ಕೆ ಡಬ್ಬಿ ಮಲಗಿತು. ದೊಡ್ಡಮ್ಮ ಸ್ವಿಚ್ ಹಾಕಿಸಿ, ಕಂಪನಿಗೇ ಫೋನ್ ಮಾಡಿ, ಸ್ವಲ್ಪವೂ ದನಿ ಏರಿಸದೆ ಐವತ್ತು ನಿಮಿಷ ಕಡಿಮೆ ಇದೆ ಅಂದರು. ಸಂಜೆಯೊಳಗೆ ಅವನೇ ದೊಡ್ಡ ಬ್ಯಾಟರಿ ಹೊತ್ತು ತಂದ.

ನಾನು ವಸ್ತು ಕೊಂಡಾಗ ಕಾಗದದಲ್ಲಿ ಬರೆದದ್ದನ್ನು ನಂಬುತ್ತೇನೆ. ಓದಲು ಕಣ್ಣಿಲ್ಲದ ಇವರು ಪರೀಕ್ಷೆ ಮಾಡಿಯೇ ನಂಬುವುದು. ಹೆಮ್ಮೆಯಾಯಿತು ಅಂತ ಬರೆಯಲು ನಾಚಿಕೆಯೇನಿಲ್ಲ, ಆಯಿತು.

ಜೂನ್ 19, ಗುರುವಾರ

ಎಲ್ಲ ಎಡವಟ್ಟು. ಬೆಳಗ್ಗೆ ಒಂದನೇ ಬೆಡ್ಡಿನ ಎರಡು ರಿಂಗ್ ಒಂದೇ ಆಗಿ ಬಂತು. ಮೂರನೆಯವರದು, ಐದನೆಯವರದು, ಹತ್ತನೆಯವರದು ಬರಲೇ ಇಲ್ಲ. ದೊಡ್ಡಮ್ಮ ಹತ್ತು ನಿಮಿಷ ಕಾದು ಎಲ್ಲರಿಗೂ ಮಾಡಿದರು. ಎಲ್ಲರೂ ಗಟ್ಟಿಮುಟ್ಟಾಗಿದ್ದರು, ಎಲ್ಲರೂ ಎರಡು ರಿಂಗ್ ಕೊಟ್ಟೇ ಇಟ್ಟಿದ್ದರು. ಐದನೆಯವರು ಮೈಮೇಲೆ ಸೋಪಿನೊಂದಿಗೆ ಓಡಿಬಂದು ಎತ್ತಿದರಂತೆ, ಚೆನ್ನಾಗಿ ಬೈದರು.

ಲೈನ್‌ಮನ್ನನ್ನು ಹಿಡಿದು ಕೇಳಿದೆ. "ಅವ್ರ ಕಿವಿಗೆ ಕೇಳೋ ರಿಂಗೇ ಬೇರೆ ಮೇಡಂ, ಇಲ್ಲಿ ಬಾರಿಸೋ ರಿಂಗೇ ಬೇರೆ. ಹೊಸ ಲೈನಲ್ಲಿ ಇಲ್ಲಿಗೆ ತಲುಪೋದು ನಾಲ್ಕೈದು ಸೆಕೆಂಡ್ ತಡ. ಅಲ್ಲಿ ಎರಡು ಆಗೋಷ್ಟ್ರಲ್ಲಿ ಇಲ್ಲಿ ಒಂದಾಗಿರುತ್ತೆ, ಇಲ್ಲಾ ಏನೂ ಆಗಿರಲ್ಲ. ಎರಡೇ ರಿಂಗಿಗೆ ಇಡೋರು ಯಾರಿದ್ದಾರೆ ಈ ಕಾಲದಲ್ಲಿ?" ಅಂದ. ಇಲ್ಲಿ ಒಂಬತ್ತು ಜನ ಇದ್ದಾರೆ ಅಂದೆ.

ಹಾಗಾಗಿ ನಾನೇ ಒಂದು ನಿಯಮ ಮಾಡಿದೆ. ರಿಂಗ್ ಬಾರದಿದ್ದರೆ ಅದು ಡಬ್ಬಿಯ ಕಾಟ ಅಂತ ತಿಳಿಯುವುದು, ಗಾಬರಿ ಬೇಡ, ಏಳೂವರೆಯವರೆಗೆ ಸುಮ್ಮನಿದ್ದು ಆಮೇಲೆ ಒಮ್ಮೆಗೇ ವಿಚಾರಿಸುವುದು. ದೊಡ್ಡಮ್ಮ ಒಪ್ಪಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಈ ಡಬ್ಬಿ ಆರಿಸಿಕೊಟ್ಟವಳು ನಾನು. ಅದಕ್ಕೇ ಅವರು ನನ್ನ ಮಾತಿಗೆ ಬೆಲೆ ಕೊಟ್ಟರು ಅನಿಸುತ್ತದೆ. ಲೈನ್ ಸರಿಹೋಗುವವರೆಗೆ ಅಂಗಡಿಗೆ ಹೋಗುವ ಮುಂಚೆ ದಿನಾ ಬರುತ್ತೇನೆ ಅಂದೆ.

ಜೂನ್ 21, ಶನಿವಾರ

ಆರೂವರೆಗೆ ಏಳನೇ ಬೆಡ್ಡಿನ ರಿಂಗ್ ಬರಲಿಲ್ಲ. ಆರೂ ನಲವತ್ತಕ್ಕೆ ದೊಡ್ಡಮ್ಮನ ಕೈ ಫೋನಿನ ಕಡೆ ಹೋಯಿತು. ನಾನು ಅವರ ಕೈಮೇಲೆ ನನ್ನ ಕೈಯಿಟ್ಟೆ. "ಡಬ್ಬಿ ದೊಡ್ಡಮ್ಮ, ಡಬ್ಬಿ" ಅಂದೆ. ಇವತ್ತು ಮೂರನೆಯವರದೂ ಬಂದಿರಲಿಲ್ಲ, ಎಂಟನೆಯವರದೂ ಬಂದಿರಲಿಲ್ಲ. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

ಏಳೂವರೆಗೆ ಮಾಡಿದರು. ಮೂರನೆಯವರು ಎತ್ತಿದರು, ಎಂಟನೆಯವರು ಎತ್ತಿದರು. ಬಡಗಿ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಹಾಲಿಗೆ ಹೋಗಿರಬೇಕು ಅಂದೆ, ನನಗೆ ಅಂಗಡಿಗೆ ಹೊತ್ತಾಗುತ್ತಿತ್ತು. ದೊಡ್ಡಮ್ಮ ನನ್ನ ಕಡೆ ತಿರುಗಿದರು. ಅವರಿಗೆ ನನ್ನ ಮುಖ ಕಾಣುವುದಿಲ್ಲ ಅಂತ ಗೊತ್ತಿದ್ದೂ ತಲೆ ತಗ್ಗಿಸಿದೆ. "ಪುಟ್ಟೀ, ಹೋಗು" ಅಂದರು.

ಹತ್ತು ನಿಮಿಷದ ದಾರಿ, ಓಡಿದೆ. ಕೆಳಮನೆಯವರ ಹತ್ತಿರ ಇನ್ನೊಂದು ಕೀಲಿ ಇತ್ತು. ಬಾಗಿಲು ತೆಗೆದರೆ ಅವರು ಬಚ್ಚಲಿನ ಹೊಸ್ತಿಲಲ್ಲಿ ಬಿದ್ದಿದ್ದರು, ಒಂದು ಕಾಲು ಸೊಟ್ಟಗೆ ತಿರುಗಿತ್ತು. ಪ್ರಜ್ಞೆ ಇತ್ತು. ತುಟಿ ಒಣಗಿತ್ತು. ಗಂಟೆ ಎಷ್ಟು ಅಂತ ಕೇಳಿದರು. ಎಂಟಕ್ಕೆ ಹತ್ತು ನಿಮಿಷ ಅಂದೆ.

"ಸಿಸ್ಟರ್ ಹೇಗಿದ್ದಾರೆ?" ಅಂದರು.

ನನಗೆ ಅರ್ಥವಾಗಲಿಲ್ಲ.

"ಆರುಗಂಟೆಗೇ ಬಿದ್ದೆ. ಆರೂಮುಕ್ಕಾಲಿಗೆಲ್ಲ ಯಾರಾದ್ರೂ ಬರ್ತಾರೆ ಅಂತ ಗೊತ್ತಿತ್ತು, ಅದಕ್ಕೆ ಹೆದರ್ಲಿಲ್ಲ. ಏಳಾದ್ರೂ ಯಾರೂ ಬರ್ಲಿಲ್ಲ. ಸಿಸ್ಟರಿಗೇ ಏನೋ ಆಗಿದೆ ಅಂದ್ಕೊಂಡೆ. ನಾನು ಇಲ್ಲಿ ಬಿದ್ದಿದ್ದೀನಿ, ಅವ್ರನ್ನ ನೋಡೋರ್ಯಾರು ಅಂತ."

ಆಂಬುಲೆನ್ಸ್ ಬಂತು. ಸೊಂಟದ ಮೂಳೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ ಅಂದರು ಡಾಕ್ಟರ್. ಇವತ್ತು ಇಷ್ಟೇ. ನನಗೆ ಬರೆಯಲಾಗುತ್ತಿಲ್ಲ.

ಜೂನ್ 22, ಭಾನುವಾರ

ದೊಡ್ಡಮ್ಮನ ಮುಂದೆ ಕುಳಿತು, ತಪ್ಪೆಲ್ಲ ನನ್ನದು, ಆ ಒಂದು ಗಂಟೆ ಅವರು ನೆಲದ ಮೇಲೆ ಬಿದ್ದಿದ್ದು ನನ್ನಿಂದ ಅಂದೆ. ಅತ್ತೂಬಿಟ್ಟೆ. ಬೈಯಲಿ ಅಂತ ಕಾದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಪೆನ್ನು ತಗೋ" ಅಂದರು. ವಾರ್ಡಿನಲ್ಲಿ ಏನಾದರೂ ಎಡವಟ್ಟಾದರೆ ಅವತ್ತೇ ರಿಪೋರ್ಟ್ ಬರೆಯಬೇಕಿತ್ತಂತೆ. "ಯಾರ್ ತಪ್ಪು ಅಂತ ಬರೀಬೇಡ. ಎಷ್ಟೊತ್ತಿಗೆ ಏನಾಯ್ತು, ನಾಳೆ ಏನ್ ಬದಲಾಗ್ಬೇಕು, ಅಷ್ಟೇ ಬರಿ."

ಬರೆದೆ. ಆರಕ್ಕೆ ಬಿದ್ದರು. ಆರೂವರೆಗೆ ರಿಂಗ್ ಬರಲಿಲ್ಲ. ಆರೂ ನಲವತ್ತಕ್ಕೆ ಸಿಸ್ಟರ್ ಫೋನ್ ಮಾಡಹೊರಟಿದ್ದನ್ನು ತಡೆಯಲಾಯಿತು. ಯಾರಿಂದ ಅಂತ ಹಾಕಲು ಹೋದೆ, "ಬೇಡ" ಅಂದರು. ಆಶ್ಚರ್ಯವೆಂದರೆ, ಗಂಟೆ ನಿಮಿಷ ಹಾಕಿ ಬರೆದುಬಿಟ್ಟ ಮೇಲೆ ಎದೆಯ ಮೇಲಿನ ಕಲ್ಲು ಪೂರ್ತಿ ಇಳಿಯದಿದ್ದರೂ ಉಸಿರಾಡಲು ಜಾಗ ಬಿಟ್ಟಿತು. ಅವರ ಕೈಕೆಳಗೆ ಕಲಿತ ಹುಡುಗಿಯರು ಪುಣ್ಯವಂತರು.

ಜೂನ್ 24, ಮಂಗಳವಾರ

ಹಳೆ ತಂತಿ ವಾಪಸ್ ಹಾಕಿಸೋಣ ಅಂತ ಕಂಪನಿಗೆ ಹೋಗಿ ಜಗಳ ಕಾದೆ. ಆಗುವುದಿಲ್ಲ, ತಂತಿಯನ್ನು ಕೀಳಲು ಶುರುಮಾಡಿಯಾಗಿದೆ ಅಂದರು. ಸಿಮ್ ಫೋನ್ ಕೇಳಿದೆ. ರಿಂಗ್ ತಡವಾಗುವ ಕಾಯಿಲೆ ಅದಕ್ಕೂ ಇದೆಯಂತೆ, ಮೊಬೈಲಿಗೂ ಇದೆಯಂತೆ. ಸೋತು ಸುಣ್ಣವಾಗಿ ದೊಡ್ಡಮ್ಮನ ಮನೆಗೆ ಬಂದರೆ ಅವರು ಆಗಲೇ ಕೆಲಸ ಮುಗಿಸಿ ಟೀ ಕುಡಿಯುತ್ತಿದ್ದರು.

ಹತ್ತೊಂಬತ್ತು ವರ್ಷದ ಪದ್ಧತಿಯನ್ನು ಎಂಬತ್ತಮೂರನೇ ವಯಸ್ಸಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ಬದಲಾಯಿಸಿದ್ದಾರೆ. ಒಬ್ಬೊಬ್ಬರಿಗೂ ಫೋನ್ ಮಾಡಿ, ಇನ್ನು ಮೇಲೆ ರಿಂಗ್ ಎಣಿಸಬೇಡಿ, ನಾನು ಎತ್ತುವವರೆಗೆ ಬಿಡಿ, ಎತ್ತಿದ ಮೇಲೆ ನಿಮ್ಮ ಬೆಡ್ ನಂಬರ್ ಹೇಳಿ ಇಡಿ ಅಂದಿದ್ದಾರೆ. ಬೇರೆ ಮಾತಿಲ್ಲ. ಮರೆವಿನ ಎರಡನೆಯವರಿಂದ ಏಳು ಸಲ ಹೇಳಿಸಿದರಂತೆ. ನಾನು ಮೂರು ವಾರ ಯಂತ್ರವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ, ಈ ದಾರಿ ನನಗೆ ಹೊಳೆಯಲೇ ಇಲ್ಲ.

ಇವತ್ತು ಬೆಳಗ್ಗೆ ನನಗೆ ಹೋಗಲಾಗಿರಲಿಲ್ಲ, ಆಗ ನಡೆದದ್ದನ್ನು ಮೊದಲು ಬರೆಯಬೇಕಿತ್ತು. ಆರೂವರೆಗೆ ಫೋನ್ ಬಂದಿತ್ತಂತೆ, ಆಸ್ಪತ್ರೆಯ ಮಂಚದಿಂದ, ಯಾರದೋ ಮೊಬೈಲಿನಲ್ಲಿ. ಬಡಗಿ ಹಳೆ ಪದ್ಧತಿಯಲ್ಲೇ ಎರಡು ರಿಂಗಿಗೆ ಇಡಲು ಹೋಗಿ, ಆ ಮೊಬೈಲಿನಲ್ಲಿ ಇಡುವುದು ಹೇಗೆಂದು ಗೊತ್ತಾಗದೆ, ದೊಡ್ಡಮ್ಮ ಎತ್ತಿದಾಗ ಏನು ಹೇಳಬೇಕೋ ತಿಳಿಯದೆ "ಏಳು" ಅಂದರಂತೆ. ಅದರಿಂದಲೇ ದೊಡ್ಡಮ್ಮನಿಗೆ ಇದು ಹೊಳೆದದ್ದು.

ಜೂನ್ 26, ಗುರುವಾರ

ಹೊಸ ರೌಂಡ್ಸ್ ನೋಡಿದೆ. "ಒಂದು." "ಸರಿ." "ಎರಡು." "ಸರಿ." ನಾಲ್ಕನೆಯವರು ಇಟ್ಟ ಮೇಲೆ "ಡ್ರೈವರಿಗೆ ಗಂಟಲು ಕಟ್ಟಿದೆ, ನಾಳೆಗೆ ಜ್ವರ ಬರುತ್ತೆ" ಅಂದರು. ಒಂದೇ ಶಬ್ದದಲ್ಲಿ ಅಷ್ಟು ಕೇಳಿಸಿಕೊಂಡರು. ಮೊದಲಿಗಿಂತ ಇದೇ ಒಳ್ಳೆಯದಲ್ಲವೇ ಅಂದೆ. "ಒಳ್ಳೇದು" ಅಂತ ಒಪ್ಪಿಕೊಂಡರು, ಎರಡನೆಯದೇ ಸ್ಪಷ್ಟ ಅನ್ನುವ ಗಿರಾಕಿಯ ಹಾಗೆ. ನನಗೆ ಈಗ ಆರಕ್ಕೆ ತಾನಾಗಿಯೇ ಎಚ್ಚರವಾಗುತ್ತದೆ. ವಯಸ್ಸಾಯಿತು ನೋಡು.

ಜುಲೈ 2, ಬುಧವಾರ

ರೌಂಡ್ಸ್ ಸರಿಹೋಗಿದೆ, ನಾನು ದಿನಾ ಹೋಗುವ ಅಗತ್ಯ ಇನ್ನಿಲ್ಲ. ಆದರೂ ಡಬ್ಬಿಯನ್ನು ಪರೀಕ್ಷೆ ಮಾಡುತ್ತಿರಬೇಕಲ್ಲ. ಬೇರೆಯವರಿಗೆ ಅಡ್ಡಿಯಾಗದ ಹೊತ್ತೆಂದರೆ ಆರೂ ನಲವತ್ತು ಮಾತ್ರ. ಮೊನ್ನೆಯಿಂದ ಆ ಹೊತ್ತಿಗೆ ನನ್ನ ಮನೆಯಿಂದ ಮಾಡುತ್ತಿದ್ದೇನೆ. ಎರಡು ದಿನ "ನಾನು, ಲೈನ್ ಟೆಸ್ಟು" ಅಂದೆ, ಅವರು "ಸರಿ" ಅಂದರು.

ಇವತ್ತು "ಯಾರು?" ಅಂದರು. "ನಾನು, ದೊಡ್ಡಮ್ಮಾ" ಅಂದೆ. "ರೌಂಡ್ಸ್ ಹೊತ್ತಲ್ಲಿ ನಾನು ಅನ್ನೋರು ಯಾರೂ ಇಲ್ಲ. ನಂಬರ್ ಹೇಳು."

"ಒಂಬತ್ತು" ಅಂದೆ.

"ಸರಿ" ಅಂತ ಇಟ್ಟರು. ಪರೀಕ್ಷೆಗೆ ಏನೋ ಒಂದು ನಂಬರ್ ಬೇಕಲ್ಲ.

ಜುಲೈ 13, ಭಾನುವಾರ

ನಿನ್ನೆಯಿಂದ ಮೈ ಬಿಸಿ. ಅಂಗಡಿಯಿಂದ ಬಂದವಳೇ ಹಾಸಿಗೆಗೆ ಬಿದ್ದೆ. ಬೆಳಗ್ಗೆ ಬಾಗಿಲು ಬಡಿಯುವ ಸದ್ದಿಗೆ ಕಣ್ಣು ಬಿಟ್ಟರೆ ಬೆಳಕಾಗಿತ್ತು. ಮೊಬೈಲ್ ಸತ್ತು ಬಿದ್ದಿತ್ತು. ದೊಡ್ಡಮ್ಮನ ಡಬ್ಬಿಯ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ತಿಂಗಳೆಲ್ಲ ತಲೆ ಕೆಡಿಸಿಕೊಂಡವಳು ನಾನೇ.

ಬಾಗಿಲು ತೆಗೆದೆ. ಕೋಲು ಹಿಡಿದ ಎತ್ತರದ ಮುದುಕರೊಬ್ಬರು ಮೆಟ್ಟಿಲ ತುದಿಯಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ಬೇಕರಿಯ ಪಕ್ಕದಿಂದ ಕಡಿದಾದ ಇಪ್ಪತ್ತೆರಡು ಮೆಟ್ಟಿಲು, ಗ್ಯಾಸ್ ತರುವವನೇ ಗೊಣಗುತ್ತಾನೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಒಂಬತ್ತು ನೀವೇನಾ?"

ಹೌದು ಅಂದೆ.

"ನಾನು ನಾಲ್ಕು. ಸಿಸ್ಟರ್ ಹತ್ತು ನಿಮಿಷ ಕಾದ್ರಂತೆ, ನಿಮ್ಗೆ ಮಾಡಿದ್ರಂತೆ, ಹೋಗ್ಲಿಲ್ವಂತೆ. ಓಡು ಅಂದ್ರು. ಓಡೋ ಕಾಲ ಎಲ್ಲಿ ಬಂತು, ಆದ್ರೂ ಬಂದೆ." ತಮ್ಮ ಮೊಬೈಲ್ ತೆಗೆದು ಗುಂಡಿ ಒತ್ತಿ, "ಒಂಬತ್ತು ಇದ್ದಾರೆ. ಜ್ವರ ಇರೋ ಹಾಗಿದೆ. ಸರಿ. ಸರಿ" ಅಂದು ನನ್ನ ಕೈಗೆ ಕೊಟ್ಟರು.

ದೊಡ್ಡಮ್ಮ ಹೇಗಿದ್ದೀಯ ಅಂತ ಕೇಳಲಿಲ್ಲ. "ನಂಬರ್ ಹೇಳು" ಅಂದರು. ಒಂಬತ್ತು ಅಂದೆ. ಆ ಕಡೆ ಕೇಳಿಸಿಕೊಳ್ಳುತ್ತಿದ್ದುದು ನನಗೆ ಗೊತ್ತಾಯಿತು. "ನೀರು ಕುಡಿದು ಮಲ್ಕೋ. ಗಂಟೆಗೊಂದ್ಸಲ ಮಾಡ್ತೀನಿ" ಅಂದು ಇಟ್ಟರು.

ನಾಲ್ಕನೆಯವರನ್ನು ಕೂರಿಸಿ ಟೀ ಕೊಟ್ಟೆ. ಹಿಂದಿನ ಬೀದಿಯಲ್ಲಿ ಹನ್ನೊಂದು ವರ್ಷದಿಂದ ಇದ್ದಾರಂತೆ. ಕನ್ನಡಕದ ಒಂದು ಕಡ್ಡಿ ಸಡಿಲವಾಗಿತ್ತು, ನನ್ನ ಸಣ್ಣ ಸ್ಕ್ರೂಡ್ರೈವರ್ ತಂದು ಬಿಗಿ ಮಾಡಿಕೊಟ್ಟೆ. ಇಳಿಯುವಾಗ ಅವರು ಒಂದೊಂದು ಮೆಟ್ಟಿಲಿಗೂ ಕೋಲಿಟ್ಟು ಇಳಿದರು, ನಾನು ಮೇಲೆ ನಿಂತು ಇಪ್ಪತ್ತೆರಡನ್ನೂ ಎಣಿಸಿದೆ.

ಅಷ್ಟು ಹೊತ್ತಿಗೆ ಕಣ್ಣು ತುಂಬಿಬಂದಿತ್ತು. ಜ್ವರದಲ್ಲಿ ಕಣ್ಣಲ್ಲಿ ನೀರು ಬರುವುದು ಸಾಮಾನ್ಯ. ಕಣ್ಣಿನ ಕೆಲಸ ಮಾಡುವವಳು ನಾನು, ನನಗೆ ಗೊತ್ತು.